ಸೂಪರ್ ಹೀರೋಗಳ ಕೆಳಗೊಂದು ಕಣ

ಸೂಪರ್ ಹೀರೋಗಳಿರುವ ಲೋಕದಲ್ಲಿ ನಮ್ಮಂಥವರು ಹೇಗೆ ಬದುಕುತ್ತಾರೆ ಅಂತ ನಾನೊಂದು ಕತೆ ಬರೆಯಲು ಹೊರಟಿದ್ದೆ. ಮೇಲೆ ಹಾರಾಡುವ ಇಬ್ಬರು ಬಡಿದಾಡುತ್ತಾರೆ, ಒಬ್ಬ ಇನ್ನೊಬ್ಬನನ್ನು ಎತ್ತಿ ಎಸೆಯುತ್ತಾನೆ, ಅವನು ಬಂದು ಬೀಳುವುದು ಯಾರದೋ ಕೊಟ್ಟಿಗೆಯ ಮೇಲೆ. ಹಸು, ಕರು, ಹಾಲು ಕರೆಯುತ್ತಿದ್ದ ಹೆಂಗಸು ಎಲ್ಲ ಅಪ್ಪಚ್ಚಿ. ಬಿದ್ದವನು ಮೈ ಕೊಡವಿಕೊಂಡು ಮತ್ತೆ ಹಾರುತ್ತಾನೆ, ತಿರುಗಿ ನೋಡುವುದೂ ಇಲ್ಲ. ಹೀರೋ ಅಂತೆ ಹೀರೋ, ಅವನ ಮನೆ ಹಾಳಾಗ. ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಿಟ್ಟು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ದೇವನಹಳ್ಳಿ ಕಡೆ ವಿಮಾನ ಇಳಿಯಲು ಶುರುವಾಗಿ ನೆಲದ ಬೆಲೆ ಏರಿದ ಮೇಲೆ ನಮ್ಮ ದೊಡ್ಡಪ್ಪನ ಮಗ ಜಂಟಿ ಜಮೀನು ಮಾರೋಣ ಅಂತ ಹಠ ಹಿಡಿದ. ನನ್ನಣ್ಣ ಸುತರಾಂ ಒಪ್ಪಲಿಲ್ಲ. ಊರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸಿ ಲಾರಿಗಳ ಕೈಲಿ ತುಳಿಸುತ್ತಿದ್ದಾಗಲೂ ನಮ್ಮಪ್ಪ ಸಗಣಿ ಸಾರಿಸಿದ ಕಣವೇ ಬೇಕು ಅನ್ನುತ್ತಿದ್ದ. ಒಕ್ಕಣೆಯ ಕಣವೆಂದರೆ ದೇವರಮನೆ ಲೆಕ್ಕ, ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವ ಹಾಗಿಲ್ಲ.

ಒಂದು ಮಧ್ಯಾಹ್ನ ಆ ಕಣದಲ್ಲೇ ದೊಡ್ಡಪ್ಪನ ಮಗ ಹಾರೆ ಎತ್ತಿದ. ಮೊದಲ ಏಟಿಗೆ ಅಣ್ಣನ ಮಂಡಿ ಒಡೆಯಿತು. ನಾನು ಬುತ್ತಿ ಹೊತ್ತು ಇನ್ನೂ ದೂರದ ಬದುವಿನ ಮೇಲಿದ್ದೆ, ಆ ಸದ್ದು ಅಲ್ಲಿಗೂ ಕೇಳಿಸಿತು. ಅಣ್ಣ ತೆವಳುತ್ತ, "ಬ್ಯಾಡ ಕಣ್ಲಾ, ಕೂತು ಮಾತಾಡನ" ಅಂತ ಕೂಗಿಕೊಂಡ. ಎರಡನೆಯ ಏಟು ಭುಜಕ್ಕೆ ಬಿತ್ತು. ಗೋಡೌನಿನಲ್ಲಿ ಸೆಕ್ಯುರಿಟಿ ಕೆಲಸ ಮುಗಿಸಿ ನೇರ ಹೊಲಕ್ಕೇ ಬರುತ್ತಿದ್ದ ಅಪ್ಪ ಓಡಿದ. ಕಣದ ಅಂಚಿಗೆ ಬಂದವನು ನಿಂತ. ಬಗ್ಗಿದ. ಕಾಲಲ್ಲಿ ಡ್ಯೂಟಿ ಶೂ ಇತ್ತು, ಲೇಸು ಬಿಚ್ಚತೊಡಗಿದ. "ಅಪ್ಪಾ, ನುಗ್ಗು, ನುಗ್ಗು" ಅಂತ ಗಂಟಲು ಹರಿಯುವಂತೆ ಕೂಗಿದೆ. ಒಂದು ಶೂ ಕಳಚಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಹಾರೆ ಅಣ್ಣನ ತಲೆಯನ್ನು ಸೀಳಿತು. ರಾಗಿಯೆಲ್ಲ ನೆತ್ತರಲ್ಲಿ ನೆನೆಯಿತು. ಹೊಡೆದವನ ಕಾಲಲ್ಲಿ ಚಪ್ಪಲಿ ಹಾಗೇ ಇತ್ತು, ಅವನ ಕೈ ಸೇದಿಹೋಗ. ಆಸ್ಪತ್ರೆ ಮುಟ್ಟುವ ಮೊದಲೇ ಅಣ್ಣ ಹೋಗಿಬಿಟ್ಟ.

ಕತೆಗೂ ಅದನ್ನೇ ತಂದೆ. ಇನ್ನೊಂದು ಸಲ ಮೇಲಿಂದ ಬಿದ್ದ ಹೀರೋ ಒಂದು ಕಣದಲ್ಲಿ ಎದ್ದು, ಕೈಗೆ ಸಿಕ್ಕಿದವನನ್ನು ಬಡಿಯುತ್ತಾನೆ. ಸಿಕ್ಕಿದವನ ತಂದೆ, ಒಬ್ಬ ಮುದುಕ, ಓಡಿಬಂದು ಅಂಚಿನಲ್ಲಿ ಶೂ ಬಿಚ್ಚಲು ನಿಲ್ಲುತ್ತಾನೆ. ಅಷ್ಟರಲ್ಲಿ ಮಗ ಸಾಯುತ್ತಾನೆ.

"ಅದೇನಮ್ಮ ಬರೀತಿದ್ದೀಯ, ಒಸಿ ಓದು" ಅಂತ ಅಪ್ಪ ಪಕ್ಕದಲ್ಲಿ ಬಂದು ಕೂತ. ಬೇಡವೆಂದರೂ ಬಿಡಲಿಲ್ಲ. ಓದಿದೆ.

"ಆ ಮುದ್ಕ ಶೂ ಹಾಕ್ಕೊಂಡೇ ಹೋಗ್ಲಿ ಕಣಮ್ಮ" ಅಂದ ಅಪ್ಪ.

"ಕಣದೊಳಕ್ಕಾ?"

"ಹೂಂ. ದೇವ್ರು ಏನಾದ್ರೂ ಮಾಡ್ಕೊಳ್ಳಲಿ."

ಅಲ್ಲೇ ಕೂತು ತಿದ್ದಿ ಬರೆದೆ. ಮುದುಕ ಶೂ ಕಾಲಲ್ಲೇ ಕಣಕ್ಕೆ ನುಗ್ಗಿದ. ಮಗನ ತಲೆಗೆ ಬೀಳಬೇಕಿದ್ದ ಏಟಿಗೆ ಬಲಗೈ ಅಡ್ಡ ಕೊಟ್ಟ. ಮೂಳೆ ಚೂರು ಚೂರಾಯಿತು, ಮಗ ಉಳಿದ.

ಅದನ್ನೂ ಓದಿ ಹೇಳಿದೆ. ಅಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಒಂದು ಗಾಯದ ಗುರುತೂ ಇಲ್ಲದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಮಗನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ.