ಅಡಿಷನಲ್ ಶೀಟು ನಿಂತ ಮೇಲೆ

ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಾಗಾಗಿ ಪರೀಕ್ಷಾ ಕೊಠಡಿಯ ಕೆಲಸ ನನಗೆ ಒಗ್ಗುತ್ತಿತ್ತು. ಕೈಯಲ್ಲಿ ಅಡಿಷನಲ್ ಶೀಟು, ಜೇಬಿನಲ್ಲಿ ಅದನ್ನು ಕಟ್ಟಲು ಬಿಳಿ ದಾರದ ತುಂಡುಗಳು. ಯಾರು ಎದ್ದು ನಿಂತರೂ ಹೋಗಿ ಕೊಟ್ಟು ಬರುತ್ತಿದ್ದೆ. ಕಾಗದ, ಮುದ್ರಣದ ಖರ್ಚು ತಗ್ಗಿಸಲು ನಮ್ಮ ವಿಶ್ವವಿದ್ಯಾಲಯ ಹಾಸನದಲ್ಲಿ ಸಮಿತಿ ಕರೆದಾಗ, ಆ ಶೀಟನ್ನೇ ನಿಲ್ಲಿಸಿಬಿಡಿ ಎಂದವನೂ ನಾನೇ. ಉತ್ತರ ಪತ್ರಿಕೆಯ ಪುಟಗಳನ್ನೂ ಕಡಿಮೆ ಮಾಡಿದೆವು. ಬರೀ ಪುಟ ತುಂಬಿಸುವವರ ಪತ್ರಿಕೆ ತಿದ್ದಿ ತಿದ್ದಿ ನನಗೆ ರೋಸಿಹೋಗಿತ್ತು. ಎಲ್ಲರೂ ಒಪ್ಪಿದರು, ಕಾಫಿ ಬಂತು, ಸಭೆ ಮುಗಿಯಿತು.

ಆ ಸಲ ನನ್ನನ್ನು ನಕಲು ಹಿಡಿಯುವ ಪರೀಕ್ಷಾ ಸ್ಕ್ವಾಡಿಗೆ ಹಾಕಿದರು. ಮೊದಲ ದಿನ ಹೊಳೆನರಸೀಪುರದಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಮಾರನೆಯ ದಿನ ಅರಕಲಗೂಡು. ಹಾಲ್ ಟಿಕೆಟ್ ನೋಡುವಾಗ ಕೊನೆಯ ಬೆಂಚಿನ ಹೆಂಗಸೊಬ್ಬಳು, ನಾನು ಕೇಳದಿದ್ದರೂ, "ಇದೊಂದೇ ಪೇಪರ್ ಉಳ್ದಿರೋದು ಸಾ, ಪಾಸಾದ್ರೆ ಡಿಗ್ರಿ ಮುಗೀತು" ಎಂದಳು. ಮದುವೆಯಾಗಿ ಕೊಣನೂರಿನಲ್ಲಿದ್ದಾಳಂತೆ. ಇದು ಕೊನೆಯ ಅವಕಾಶ, ಇನ್ನು ಪರೀಕ್ಷೆ ಕಟ್ಟಲು ಬರುವುದಿಲ್ಲ ಎಂದೂ ಹೇಳಿದಳು.

ಮುಗಿಯಲು ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಅವಳು ಎದ್ದು ನಿಂತಳು.

"ಸಾ, ಅಡಿಷನಲ್ ಕೊಡಿ."

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿ ಕರ್ಚೀಫು ಬಿಟ್ಟರೆ ಏನೂ ಇರಲಿಲ್ಲ.

"ಅಡಿಷನಲ್ ನಿಲ್ಲಿಸಿದ್ದಾರಮ್ಮ. ಇದರಲ್ಲೇ ಬರೀಬೇಕು."

"ಪುಟ ಎಲ್ಲಾ ಆಗೋಯ್ತು. ಇನ್ನೂ ಹತ್ತು ಅಂಕದ್ದು ಒಂದು ಐತೆ."

ನಿಲ್ಲಿಸಿದವರು ಯಾರು ಎಂದು ಅವಳು ಕೇಳಲಿಲ್ಲ. ಕೂತು, ಅಂಚಿನ ಗೆರೆಯ ಆಚೆ ಸಣ್ಣ ಅಕ್ಷರದಲ್ಲಿ ಗೀಚತೊಡಗಿದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಈಗ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದುತ್ತೇವೆ. ಗೆರೆಯಾಚೆ ಬರೆದದ್ದು ಪರದೆಗೆ ಬರುವುದೇ ಇಲ್ಲ. ಬಾಗಿಲವರೆಗೆ ಹೋದೆ, ಕಿಟಕಿಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ಅವಳು ಬರೆಯುತ್ತಲೇ ಇದ್ದಳು. ನನಗೆ ಸಿಟ್ಟು ಬಂತು, ಮೊದಲು ಅವಳ ಮೇಲೆ, ಆಮೇಲೆ ಆ ಕಾಫಿಯ ಮೇಲೆ.

ಹತ್ತಿರ ಹೋಗಿ, "ಅಲ್ಲಿ ಬರೆದರೆ ಕಾಣಲ್ಲಮ್ಮ" ಎಂದೆ. ಅವಳ ಪೆನ್ನು ನಿಂತಿತು. ಪತ್ರಿಕೆ ಇಸಿದುಕೊಂಡು ಹಾಳೆ ತಿರುವಿದೆ. ಒಂದೊಂದು ಉತ್ತರವೂ ಹೊಸ ಪುಟದಿಂದ ಶುರುವಾಗಿತ್ತು, ಹಿಂದಿನ ಪುಟದಲ್ಲಿ ಅರ್ಧ ಜಾಗ ಖಾಲಿ. ಹಾಗೆ ಬರೆಯಿರಿ, ನೋಡಲು ಲಕ್ಷಣವಾಗಿರುತ್ತದೆ ಎಂದು ಕಲಿಸುವವರು ನಾವೇ. ನಾನಂತೂ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದೇ ತೋರಿಸುತ್ತೇನೆ.

"ಈ ಖಾಲಿ ಜಾಗಗಳಲ್ಲಿ ಬರಿ. ಪ್ರಶ್ನೆ ಸಂಖ್ಯೆ ಹಾಕು. ಮುಂದಿನ ತುಂಡು ಯಾವ ಪುಟದಲ್ಲಿದೆ ಅಂತ ಕೆಳಗೆ ಬರಿ."

ಹೀಗೆ ಹೇಳುವುದು ಸ್ಕ್ವಾಡಿನವನ ಕೆಲಸವಲ್ಲ. ಕೊಠಡಿಯ ಮೇಲ್ವಿಚಾರಕರು ನನ್ನನ್ನೇ ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದು ಅಲ್ಲೇ ನಿಂತೆ. ಅವಳು ಇಲ್ಲಿ ನಾಲ್ಕು ಸಾಲು, ಅಲ್ಲಿ ಆರು ಸಾಲು, ಬೆವರು ಒರೆಸಿಕೊಂಡು ಬರೆದಳು. ಗಂಟೆ ಹೊಡೆದಾಗ ಕೊನೆಯ ಸಾಲಿನಲ್ಲಿದ್ದಳು.

ಪತ್ರಿಕೆ ಕೊಡುವಾಗ ಅದರ ಮೇಲಿನ ಕೈ ತೆಗೆಯದೆ ಕೇಳಿದಳು.

"ಉಡುಕ್ತಾರಾ ಸಾ?"

"ಹುಡುಕ್ತಾರೆ ಕಣಮ್ಮ" ಎಂದೆ.

ಹಾಸನಕ್ಕೆ ಬರುವ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ. ತಿದ್ದುವವರು ಕೊನೆಯ ಉತ್ತರ ಕಾಣದಿದ್ದರೆ ಸೊನ್ನೆ ಹಾಕಿ ಮುಂದಿನದಕ್ಕೆ ಹೋಗುತ್ತಾರೆ. ಗೊತ್ತಿಲ್ಲದೆ ಏನು, ಇಷ್ಟು ವರ್ಷ ನಾನೂ ತಿದ್ದಿದವನೇ.

ಮೌಲ್ಯಮಾಪನ ಶುರುವಾಯಿತು. ಪರದೆಯ ಮೇಲೆ ಹೆಸರಿಲ್ಲ, ಊರಿಲ್ಲ, ಯಾರ ಪತ್ರಿಕೆ ಯಾರಿಗೆ ಬರುತ್ತದೋ ತಿಳಿಯುವುದಿಲ್ಲ. ಕೊನೆಯ ಪ್ರಶ್ನೆ ಬಿಟ್ಟುಹೋಗಿದೆ ಅನ್ನಿಸಿದ ಪ್ರತಿ ಪತ್ರಿಕೆಯಲ್ಲೂ ನಾನು ಮೊದಲ ಪುಟಕ್ಕೆ ವಾಪಸು ಹೋಗುತ್ತೇನೆ. ಖಾಲಿ ಜಾಗ ಖಾಲಿಯಾಗಿಯೇ ಇರುತ್ತದೆ. ನಿಧಾನವಾಯಿತು ಎಂದು ಮೇಲಿನವರು ಆಗಲೇ ಗೊಣಗಿದ್ದಾರೆ.

ಪಕ್ಕದ ಕಂಪ್ಯೂಟರಿನಲ್ಲಿ ಚನ್ನರಾಯಪಟ್ಟಣದ ಮೇಷ್ಟ್ರೊಬ್ಬರು ಕೂರುತ್ತಾರೆ. ನಿನ್ನೆ ನನ್ನ ಕಡೆ ಬಗ್ಗಿ, "ಏನ್ ಸಾ, ಆಗ್ಲಿಂದ ಹಿಂದಕ್ಕೇ ಓಗ್ತಿದ್ದೀರಾ. ಏನಾದ್ರೂ ಕಳ್ಕೊಂಡ್ರಾ?" ಎಂದರು.

"ನಂದಲ್ಲ. ಒಬ್ಬಳದು ಹತ್ತು ಅಂಕ" ಎಂದೆ. "ನಿಮ್ಮ ಹತ್ರ ಬಂದ್ರೆ ಬಿಟ್ಟುಬಿಡಬೇಡಿ, ಅರ್ಧರ್ಧ ಪುಟದಲ್ಲಿದೆ."