ಆತಿಯಾಳ ಬಳಿ ಉಳಿದ ಕೀಲಿ

ಶ್ರೀರಂಗಪಟ್ಟಣದ ಕೋಟೆಯೊಳಗೆ ಆತಿಯಾಳ ಬೀದಿಯಲ್ಲಿ ಊರಿಗೆ ಹೊರಟವರು ಮನೆಯ ಇನ್ನೊಂದು ಬೀಗದ ಕೈಯನ್ನು ಅವಳ ಅಮ್ಮನಿಗೆ ಕೊಟ್ಟೇ ಬಸ್ಸು ಹತ್ತುವುದು. ಬಾಗಿಲ ಹಿಂದಿನ ಮೊಳೆಗಳಲ್ಲಿ ಅರ್ಧ ಬೀದಿಯೇ ತೂಗಾಡುತ್ತಿರುತ್ತದೆ. ಅಂಥ ಮನೆಯಲ್ಲಿ ಬೆಳೆದವಳು ಬೀಗ ಮಾಡಲು ಹೊರಟರೆ ತನ್ನ ಹತ್ತಿರವೂ ಒಂದು ಕೈ ಇಟ್ಟುಕೊಳ್ಳದೆ ಇರುತ್ತಾಳೆಯೇ?

ಅವಳದು ಕಬ್ಬಿಣದ ಬೀಗವಲ್ಲ. ಬೆರಳುದ್ದದ ಪೆನ್‌ಡ್ರೈವು, ಮೈಮೇಲೆ ಅಂಕಿಗಳ ಗುಂಡಿ. ಒಳಗೆ ಹಾಕಿದ್ದೆಲ್ಲ ಗುಪ್ತಲಿಪಿಯಾಗಿ ಕೂರುತ್ತದೆ, ಸರಿಯಾದ ನಂಬರು ಒತ್ತಿದವರಿಗಷ್ಟೇ ಬಿಚ್ಚಿಕೊಳ್ಳುತ್ತದೆ. ಅಣ್ಣ ಸೈಫುಲ್ಲಾನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಪಾಂಡವಪುರದ ವಕೀಲರು, ಕೆ.ಆರ್. ಪೇಟೆಯ ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, "ಸರ್ಕಾರದ ಸರ್ಟಿಫಿಕೇಟ್ ಇದೆಯೇನಮ್ಮ?" ಎಂದು ವಾಪಸು ಕೊಡುತ್ತಿದ್ದರು. ಅದನ್ನು ಪಡೆದೇ ತೀರುತ್ತೇನೆಂದು ಅವಳು ಹಟ ಹಿಡಿದಳು. ಆಗದಿದ್ದರೆ ಕೋಣೆ ಖಾಲಿ ಮಾಡಬೇಕೆಂದು ಅಣ್ಣ ಹೇಳಿಬಿಟ್ಟಿದ್ದ.

ಬೆಂಗಳೂರಿನ ಪರೀಕ್ಷಾಲಯದ ಅಧಿಕಾರಿ ಪವಿತ್ರ ಅವರ ಮುಂದೆ ಆತಿಯಾ ಹೆಮ್ಮೆಯಿಂದಲೇ ಹೇಳಿದಳು: "ಗಿರಾಕಿ ನಂಬರ್ ಮರ್ತುಬುಟ್ರೂ ತೊಂದ್ರೆ ಇಲ್ಲ ಮೇಡಂ. ಎಲ್ಲಾ ಡ್ರೈವೂ ತೆಗೆಯೋ ಒಂದ್ ನಂಬರು ನನ್ನತ್ರ ಐತೆ."

ಪವಿತ್ರ ಪೆನ್ನು ಕೆಳಗಿಟ್ಟರು. "ಆ ನಂಬರು ಕದ್ದವರಿಗೆ ನಿಮ್ಮ ಗಿರಾಕಿಗಳೆಲ್ಲರ ಗುಟ್ಟೂ ಸಿಕ್ಕ ಹಾಗಲ್ಲವಾ? ಅದನ್ನ ತೆಗೆದುಹಾಕಿ ಡ್ರೈವು ತನ್ನಿ. ಅದಿರೋವರೆಗೂ ಪ್ರಮಾಣಪತ್ರ ಕೊಡಕ್ಕಾಗಲ್ಲ."

ಊರಿಗೆ ಮರಳುವ ಬಸ್ಸು ಮದ್ದೂರು ದಾಟುವವರೆಗೂ ಅವಳ ಸಿಟ್ಟು ಇಳಿಯಲಿಲ್ಲ. ತಾನೇನು ಕಳ್ಳಿಯೇ? ಮಂಡ್ಯ ಬರುವ ಹೊತ್ತಿಗೆ ಮೇಲುಕೋಟೆಯ ರಾಮಸ್ವಾಮಿಯವರು ನೆನಪಾದರು. ಜಾತಕ ನೋಡುವ ಹಿರಿಯರು, ಅವಳ ಮೊದಲ ಗಿರಾಕಿ. ಜನ ಬಂದು ಹೇಳಿಕೊಂಡ ಮನೆಯ ಗುಟ್ಟುಗಳನ್ನೆಲ್ಲ ಆ ಡ್ರೈವಿನಲ್ಲಿ ಇಟ್ಟಿದ್ದರು. ನಂಬರು ಮರೆತಾಗಲೆಲ್ಲ ಇವಳೇ ಹೋಗಿ ತೆಗೆದುಕೊಡುತ್ತಿದ್ದಳು. ಹಾಗೆ ತೆಗೆಯುವಾಗ ಒಮ್ಮೆ, ತನಗೆ ಗೊತ್ತಿದ್ದ ಹೆಂಗಸೊಬ್ಬಳ ಮದುವೆ ಮುರಿದ ಕಾರಣ ಕಣ್ಣಿಗೆ ಬಿದ್ದಿತ್ತು. ಬೇಕೆಂದು ಓದಿದ್ದಲ್ಲ. ಆದರೂ ಆ ಹೆಂಗಸು ಎದುರಾದರೆ ಆತಿಯಾಳಿಗೆ ಇಂದಿಗೂ ಮುಖ ಕೊಟ್ಟು ಮಾತಾಡಲಾಗದು.

ಆ ನಂಬರನ್ನು ತೆಗೆದುಹಾಕುತ್ತೇನೆಂದರೆ ಸೈಫುಲ್ಲಾ ಒಪ್ಪಲಿಲ್ಲ. "ಮರ್ತೋರು ಬಂದು ಅಂಗ್ಡಿ ಮುಂದೆ ಕುಂತ್ರೆ ಏನ್ ಮಾಡ್ಲಿ? ಆ ನಂಬರು ಒಳ್ಗೇ ಇರ್ಲಿ ಬುಡು. ತೆಗ್ದೆ ಅಂತ ಬರ್ದುಕೊಟ್ರಾಯ್ತು."

"ಇಲ್ಲ ಭಾಯ್, ತೆಗ್ದಾಕ್ತೀನಿ. ಗಿರಾಕಿ ಡ್ರೈವು ನನ್ ಕೈಲೂ ತೆಗೆಯಾಕೆ ಆಗ್ಬಾರ್ದು."

ತೆಗೆದುಹಾಕುವುದೆಂದರೆ ಹಳೆಯ ಪ್ರೋಗ್ರಾಮನ್ನು ಬಿಚ್ಚಿಹಾಕಿ ಮೊದಲಿಂದ ಬರೆಯುವುದು. ಊಟ ನಿದ್ದೆ ಬಿಟ್ಟು ಬರೆದಳು. ನಂಬರು ಮೇಲಿಂದ ಮೇಲೆ ತಪ್ಪಿದರೆ ಒಳಗಿನದೆಲ್ಲ ತಾನೇ ಅಳಿಸಿಹೋಗುವಂತೆ ಮಾಡಿದಳು. ಪರೀಕ್ಷಾಲಯದವರು ಹೊಸ ಡ್ರೈವನ್ನು ಕಾಯಿಸಿದರು, ಕೊರೆದರು, ಏನು ಮಾಡಿದರೂ ಅದು ಬಾಯಿ ಬಿಡಲಿಲ್ಲ. ಪ್ರಮಾಣಪತ್ರ ಬಂತು. ಅಮ್ಮ ಅದನ್ನು ಬೀಗದ ಕೈಗಳ ಪಕ್ಕದ ಮೊಳೆಗೇ ತೂಗುಹಾಕಿದಳು.

ಹೊಸ ಡ್ರೈವು ಹಿಡಿದು ಆತಿಯಾ ಮೊದಲು ಹೋದದ್ದು ಮೇಲುಕೋಟೆಗೆ. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಇದಕ್ಕೆ ತುಂಬಿ, ಹಳೆಯದನ್ನು ಅವರ ಕಣ್ಣೆದುರೇ ಅಳಿಸಿದಳು.

"ಮುಂದೆ ಮರೆತರೆ?" ರಾಮಸ್ವಾಮಿ ಕೇಳಿದರು.

"ಒಳ್ಗಿರೋದೆಲ್ಲ ಓಯ್ತು ಅಂತಾನೇ ಸ್ವಾಮಿ. ನಾನ್ ಬಂದ್ರೂ ತೆಗೆಯಕ್ಕಾಗಲ್ಲ."

ಅವರು ಹೊಸ ಡ್ರೈವನ್ನು ಕೈಗೆ ತೆಗೆದುಕೊಂಡರು. ಇಷ್ಟು ದಿನ ನಂಬರನ್ನು ಅವಳೆದುರು ಗಟ್ಟಿಯಾಗಿ ಹೇಳಿಕೊಂಡೇ ಒತ್ತುತ್ತಿದ್ದ ಮನುಷ್ಯ.

"ಹಾಗಾದರೆ ಸ್ವಲ್ಪ ಆ ಕಡೆ ತಿರುಗಿಕೋ ತಾಯಿ," ಎಂದರು.

ಆತಿಯಾ ಗೋಡೆಗೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಅವರು ಹೊಸ ನಂಬರು ಇಡುತ್ತ ಗುಂಡಿ ಒತ್ತುವ ಸದ್ದಷ್ಟೇ ಕೇಳುತ್ತಿತ್ತು. ಪ್ರಮಾಣಪತ್ರ ಕೈಗೆ ಬಂದ ದಿನವೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ.