ಯಾರೂ ಮುಟ್ಟದ ಕೆಲಸ

ನಮ್ಮತ್ತೆ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ದಿನ ಸೀಟಿಯನ್ನು ಡಬ್ಬಿಯೊಳಗಿಟ್ಟರು, ಆದರೆ ಕೈಕಟ್ಟಿ ಕೂರುವ ಜೀವವಲ್ಲ ಅದು. ಅಡುಗೆಮನೆಯ ಮೂಲೆಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ತೆರೆದು ಆನ್‌ಲೈನ್ ಕೆಲಸಕ್ಕೆ ಕೂತೇಬಿಟ್ಟರು. ಎಲ್ಲೆಲ್ಲಿಯದೋ ಕಂಪನಿಗಳು ಸಣ್ಣಪುಟ್ಟ ಕೆಲಸಗಳನ್ನು ಪಟ್ಟಿ ಮಾಡಿ ಹಾಕುತ್ತವೆ. ಬೇಕಾದ್ದನ್ನು ನಾವೇ ಆರಿಸಿಕೊಳ್ಳಬೇಕು. ಮಾಡಿದ್ದು ಹಿಡಿಸಿದರೆ ಒಪ್ಪುತ್ತಾರೆ, ಇಲ್ಲವಾದರೆ ತಿರಸ್ಕರಿಸುತ್ತಾರೆ. ತಿರಸ್ಕಾರ ಹೆಚ್ಚಾದರೆ ಖಾತೆಗೇ ಬೀಗ.

ಮೊದಮೊದಲು ಒಳ್ಳೆಯ ಹೆಸರು ಬಂತು. ಆಮೇಲೆ ಚಿತ್ರಗಳಲ್ಲಿ ಬಸ್ಸು ಗುರುತಿಸುವ ಕೆಲಸ ಕಣ್ಣಿಗೆ ಬಿತ್ತು. ಅತ್ತೆಗೆ ಅದು ನೀರು ಕುಡಿದಷ್ಟು ಸುಲಭ ಎಂದುಕೊಂಡೆ. ಅವರು ನೋಡಿದರೆ ಡಿಪೋದಲ್ಲಿ ನಿಂತ ಬಸ್ಸುಗಳನ್ನೆಲ್ಲ ಬಿಟ್ಟುಬಿಟ್ಟರು.

“ಯಾಕತ್ತೆ, ಅದು ಬಸ್ಸಲ್ವಾ?”

“ಡ್ರೈವರಿಲ್ಲ, ಕಂಡಕ್ಟರಿಲ್ಲ. ಬರೀ ತಗಡು ಕಣೇ ಅದು!”

ಕಂಪನಿಯವರು ಅಷ್ಟನ್ನೂ ಸಾರಾಸಗಟಾಗಿ ತಿರಸ್ಕರಿಸಿದರು. ಇನ್ನೊಮ್ಮೆ ಹೀಗಾದರೆ ಖಾತೆ ಬಂದ್ ಎಂಬ ಎಚ್ಚರಿಕೆಯೂ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಸ್ಸು ತುಂಬ ಜನರನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಹೆಂಗಸು ಅಂದು ಊಟಕ್ಕೂ ಏಳಲಿಲ್ಲ.

ಮರುದಿನ ನನ್ನ ಗಂಡ ಬಿಟ್ಟಿ ಉಪದೇಶಕ್ಕೆ ನಿಂತರು. “ಅಮ್ಮಾ, ಎಲ್ರೂ ಬಣ್ಣ ಗುರುತಿಸೋ ಕೆಲ್ಸ ತಗೋತಿದಾರೆ. ನೀನೂ ಅದನ್ನೇ ತಗೋ.”

“ಎಲ್ರೂ ನುಗ್ಗೋ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. ಸುಮ್ನಿರೋ!”

ಪಟ್ಟಿಯ ತಳದಲ್ಲಿ ಯಾರೂ ಮುಟ್ಟದ ಕೆಲಸವೊಂದಿತ್ತು. ಪಾರ್ಶ್ವವಾಯು ಬಡಿದವರ ತೊದಲು ಮಾತು ಕೇಳಿ, ಅವರು ಹೇಳಿದ್ದನ್ನು ಬರೆಯಬೇಕು. ಅಂಥವರ ಮಾತನ್ನು ಅರ್ಥಮಾಡಿಕೊಳ್ಳುವ ಯಂತ್ರವೊಂದು ತಯಾರಾಗುತ್ತಿದೆಯಂತೆ. ನಾನೂ ಕೇಳಿದೆ, ಬಾಯಿಗೆ ಬಟ್ಟೆ ತುರುಕಿದಂತಿತ್ತು.

“ಬೇಡ ಅತ್ತೆ, ತಪ್ಪಾದ್ರೆ ಖಾತೆನೇ ಹೋಗತ್ತೆ.”

ಅತ್ತೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. “ಕಿಟಕಿ ತೆಗೀರಿ ಅಂತಿದಾರೆ ಪಾಪ,” ಎಂದರು. ಬರೆಯತೊಡಗಿದರು.

ಆಗ ನೆನಪಾಯಿತು. ಮಾವನವರು ಹಾಸಿಗೆ ಹಿಡಿದಾಗ ಅವರದೂ ಇದೇ ಥರದ ತೊದಲು ಮಾತು. ಅವರೇನೋ ಅನ್ನುವರು, ನಾನು ನೀರು ಒಯ್ಯುವೆ, ಅವರು ಮುಖ ತಿರುಗಿಸುವರು. ಅತ್ತೆ ಒಳಗಿನಿಂದಲೇ ಕೂಗುವರು: “ನೀರಲ್ವೇ, ದಿಂಬು!”

ಕೆಲಸ ಮುಗಿಸಿ ಕಳಿಸಿದ ಮೇಲೆ ಉತ್ತರ ಬರುವವರೆಗೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನನ್ನ ಗಂಡ ಕೂಡ ನೆಪ ಮಾಡಿಕೊಂಡು ಅಡುಗೆಮನೆಗೆ ಬಂದು ಇಣುಕಿ ಹೋಗುತ್ತಿದ್ದರು. ಕೊನೆಗೂ ಉತ್ತರ ಬಂತು. ನಾನೇ ಗಟ್ಟಿಯಾಗಿ ಓದಿದೆ. ಬರೆದದ್ದನ್ನು ಆಯಾ ರೋಗಿಗಳ ಮನೆಯವರಿಗೆ ತೋರಿಸಿದ್ದರಂತೆ. ಎಲ್ಲವೂ ಸರಿ, ಎಲ್ಲವೂ ಒಪ್ಪಿಗೆ. ಅರ್ಥವಾಗುವುದಿಲ್ಲವೆಂದು ಬೇರೆಯವರು ಮುಟ್ಟದೇ ಬಿಟ್ಟ ಧ್ವನಿಗಳು ಇನ್ನೂ ಬೇಕಾದಷ್ಟಿವೆ. ಇನ್ನು ಮುಂದೆ ಅವು ಮೊದಲು ಅತ್ತೆಯ ಹತ್ತಿರವೇ ಬರುತ್ತವೆ, ದಯವಿಟ್ಟು ಮಾಡಿಕೊಡಿ ಎಂದು ಕಂಪನಿಯವರೇ ಕೇಳಿಕೊಂಡಿದ್ದರು.

“ನಮ್ಮಮ್ಮ ಅಂದ್ರೆ ಸುಮ್ನೇನಾ!” ಎಂದರು ನನ್ನ ಗಂಡ. ಎಂಥ ಊಸರವಳ್ಳಿ!

ಅತ್ತೆ ಎದ್ದು ಡಬ್ಬಿಯಿಂದ ಸೀಟಿ ತೆಗೆದು ಊದಿದರು ನೋಡಿ, ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದರು.

“ಇನ್ಮೇಲೆ ದಿಂಬು ಕೇಳಿದೋರಿಗೆ ಯಾರೂ ನೀರು ತಂದ್ಕೊಡಲ್ಲ ಕಣೇ,” ಎಂದು ಅತ್ತೆ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಧ್ವನಿಗೆ ಕೂತರು.